ಪೆನ್‌ಡ್ರೈವ್ ಅಲ್ಲ ಅದು: ಮೈಸೂರಿನ ಮನೆಗೆ ವೇಪ್ ಬಂದ ದಾರಿ

ಕಳೆದ ಆಷಾಢದಲ್ಲಿ ಕುವೆಂಪುನಗರದ ಅಕ್ಕನ ಮನೆಗೆ ಹೋಗಿದ್ದೆ. ಬಟ್ಟೆ ಮೆಷಿನ್‌ಗೆ ಹಾಕುವ ಮುಂಚೆ ಅವಳು ಮಗನ ಜೀನ್ಸ್ ಜೇಬು ತಡಕುತ್ತಿದ್ದಳು. ಬಸ್ ಟಿಕೆಟ್ ಬಂತು, ಹತ್ತು ರೂಪಾಯಿ ನಾಣ್ಯ ಬಂತು, ಆಮೇಲೆ ಬೆರಳುದ್ದದ ಒಂದು ನೀಲಿ ಪ್ಲಾಸ್ಟಿಕ್ ತುಂಡು ಬಂತು. 'ನೋಡೋ, ಇದ್ಯಾವ ಪೆನ್‌ಡ್ರೈವೋ, ಮಾವಿನಹಣ್ಣಿನ ವಾಸನೆ ಬರ್ತಿದೆ' ಅಂದಳು.

ಪೆನ್‌ಡ್ರೈವ್ ಅಲ್ಲ. ಒಂದು ತುದಿಯಲ್ಲಿ ಬಾಯಿಗಿಡುವ ತೂತು, ಇನ್ನೊಂದು ತುದಿಯಲ್ಲಿ ಚಾರ್ಜಿಂಗ್ ಕಿಂಡಿ. ವೇಪ್. ಕಾನೂನಿನ ಪುಸ್ತಕದಲ್ಲಿ ಇದರ ಹೆಸರು ಎಲೆಕ್ಟ್ರಾನಿಕ್ ಸಿಗರೇಟು. ಹುಡುಗನನ್ನು ಕೇಳಿದರೆ, 'ಬರೀ ಸ್ಟೀಮ್ ಮಾಮ, ಕಾಲೇಜಲ್ಲಿ ಎಲ್ಲರೂ ಎಳೀತಾರೆ' ಅಂದ. ಮೇಲಿನ ರೂಮಿನಿಂದ ಬರುತ್ತಿದ್ದ ಘಮವನ್ನು ಅಕ್ಕ ಎಷ್ಟೋ ದಿನದಿಂದ ಹೊಸ ಅಗರಬತ್ತಿ ಅಂದುಕೊಂಡಿದ್ದಳಂತೆ. ಮೈಸೂರಿನಲ್ಲಿ ಅಗರಬತ್ತಿ ವಾಸನೆ ಬಂದರೆ ಯಾರು ತಾನೇ ಅನುಮಾನ ಪಡ್ತಾರೆ?

ತಮಾಷೆ ಇರುವುದು ಇಲ್ಲಿ. ಈ ವಸ್ತುವಿನ ಮಾರಾಟ ಕರ್ನಾಟಕದಲ್ಲಿ 2016ರಲ್ಲೇ ನಿಷೇಧವಾಯಿತು. ಇಡೀ ದೇಶದಲ್ಲಿ 2019ರಲ್ಲಿ. ಮೊದಲ ನಿಷೇಧ ಬಂದಾಗ ನನ್ನ ಅಳಿಯ ನಾಲ್ಕನೇ ಕ್ಲಾಸಿನಲ್ಲಿದ್ದ. ಅಂದರೆ ನಿಷೇಧವಾದ ಮೇಲೆ ಬೆಳೆದ ಹುಡುಗನ ಜೇಬಿಗೆ ನಿಷೇಧವಾದ ಮಾಲು ಬಂದು ಕೂತಿದೆ.

'ಬರೀ ಸ್ಟೀಮ್' ಅನ್ನುವ ಮಾತು ಎಲ್ಲಾ ಕಡೆ ಕೇಳುತ್ತೆ. ಅದು ಸರಿಯಲ್ಲ. ಒಳಗೆ ಒಂದು ಲಿಥಿಯಂ ಬ್ಯಾಟರಿ, ಒಂದು ಸಣ್ಣ ತಂತಿ ಸುರುಳಿ, ಅದರ ಸುತ್ತ ದ್ರವ ಹೀರಿಕೊಂಡ ಹತ್ತಿ ಇರುತ್ತೆ. ಎಳೆದಾಗ ತಂತಿ ಕಾದು ದ್ರವವನ್ನು ಮಂಜಿನ ಹಾಗೆ ಮಾಡುತ್ತೆ. ಆ ದ್ರವ ನೀರಲ್ಲ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಹಣ್ಣಿನದ್ದೋ ಪುದೀನದ್ದೋ ಘಮದ ರಾಸಾಯನಿಕ, ಬಹುಪಾಲು ವೇಪ್‌ಗಳಲ್ಲಿ ನಿಕೋಟಿನ್ ಕೂಡ. ಬೆಂಕಿ ಇಲ್ಲ, ಹಾಗಾಗಿ ಸಿಗರೇಟಿನ ಟಾರ್ ಇಲ್ಲ, ಕಾರ್ಬನ್ ಮೊನಾಕ್ಸೈಡ್ ಇಲ್ಲ. ಇದು ನಿಜ. ಆದರೆ ಚಟ ಹಿಡಿಸುವುದು ಟಾರ್ ಅಲ್ಲ, ನಿಕೋಟಿನ್. ಅದು ಹಾಗೇ ಇದೆ.

ಹೊಗೆ ಇಲ್ಲದ ನಿಕೋಟಿನ್ ಏನು ಮಾಡುತ್ತೆ ಅಂತ ನಮ್ಮ ಜಿಲ್ಲೆಯ ಹೆಂಗಸರಿಗೆ ಯಾವ ವಿಜ್ಞಾನಿಯೂ ಹೇಳಿಕೊಡಬೇಕಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಮಳೆಗಾಲದಲ್ಲಿ ಹೊಗೆಸೊಪ್ಪು ಮುರಿಯಲು ಹೋಗುವವರನ್ನು ಕೇಳಿ. ಒದ್ದೆ ಸೊಪ್ಪನ್ನು ಕಂಕುಳಲ್ಲಿ ಅವುಚಿಕೊಂಡು ಸಾಲಿನುದ್ದಕ್ಕೂ ನಡೀತಾರೆ. ಮಧ್ಯಾಹ್ನದ ಹೊತ್ತಿಗೆ ಕೆಲವರಿಗೆ ತಲೆ ಸುತ್ತು, ಹೊಟ್ಟೆ ತೊಳಸು, ವಾಂತಿ. ಎಲೆಯ ಮೇಲಿನ ನೀರಿನಲ್ಲಿ ನಿಕೋಟಿನ್ ಕರಗಿ ಚರ್ಮದ ಮೂಲಕವೇ ಮೈಗೆ ಇಳಿಯುತ್ತೆ. ಬೀಡಿ ಸೇದದ, ಎಲೆಅಡಿಕೆ ಕೂಡ ಹಾಕದ ಹುಡುಗಿಗೂ ಹೀಗಾಗುತ್ತೆ. ನನ್ನ ಅಜ್ಜಿಯ ಊರಿನಲ್ಲಿ ಇದಕ್ಕೆ ಮಜ್ಜಿಗೆ ಕುಡಿಸಿ ಮರದ ನೆರಳಲ್ಲಿ ಮಲಗಿಸುತ್ತಿದ್ದರು. 'ಸೊಪ್ಪು ಹೊಡೀತು' ಅನ್ನುತ್ತಿದ್ದರು, ಅಷ್ಟೇ.

ಬ್ಯಾರನ್, ಅಂದರೆ ಸೊಪ್ಪು ಹದ ಮಾಡುವ ಗೂಡಿನ ಬಗ್ಗೆಯೂ ಒಂದು ಮಾತು. ಕಡ್ಡಿಗೆ ಕಟ್ಟಿದ ಸೊಪ್ಪನ್ನು ಒಳಗೆ ಸಾಲುಸಾಲಾಗಿ ಏರಿಸಿ ಐದಾರು ದಿನ ಬೇಯಿಸುತ್ತಾರಲ್ಲ, ಅಲ್ಲಿ ಸೊಪ್ಪಿಗೆ ಹೊಗೆ ತಾಗುವುದೇ ಇಲ್ಲ. ಒಲೆಯ ಬಾಯಿ ಗೋಡೆಯ ಹೊರಗೆ. ಸೌದೆಯ ಹೊಗೆ ತಗಡಿನ ಕೊಳವೆಯೊಳಗೇ ಹರಿದು ಹೊರಗೆ ಹೋಗುತ್ತೆ, ಸೊಪ್ಪಿಗೆ ತಾಗುವುದು ಶಾಖ ಮಾತ್ರ. ಹೆಸರು ಹೊಗೆಸೊಪ್ಪು, ಆದರೆ ಹೊಗೆ ಕಾಣುವುದು ಕೊನೆಯಲ್ಲಿ, ಸೇದುವವನ ತುಟಿಯಲ್ಲಿ. ಆ ಕೊನೆಯ ಬೆಂಕಿಯನ್ನೂ ತೆಗೆದರೆ ಹೇಗೆ ಅನ್ನುವುದೇ ಈ ಉಪಕರಣದ ಹಿಂದಿನ ಯೋಚನೆ.

ಯೋಚನೆ ಹಳೆಯದು. ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ 1960ರ ದಶಕದಲ್ಲೇ ಹೊಗೆಯಿಲ್ಲದ ಸಿಗರೇಟಿಗೆ ಪೇಟೆಂಟ್ ಪಡೆದಿದ್ದ. ಮಾರುಕಟ್ಟೆಗೆ ಬರಲಿಲ್ಲ. ಈಗಿನ ರೂಪ ಕೊಟ್ಟದ್ದು ಚೀನಾದ ಔಷಧ ತಜ್ಞ ಹಾನ್ ಲಿಕ್, 2003ರ ಸುಮಾರಿಗೆ. ಅವನೇ ಸಿಗರೇಟು ಬಿಡಲು ಒದ್ದಾಡುತ್ತಿದ್ದವನು. ಅಪ್ಪ ಶ್ವಾಸಕೋಶದ ಕ್ಯಾನ್ಸರ್‌ನಿಂದ ಹೋದರು. ಅಂದರೆ ಇದು ಹುಟ್ಟಿದ್ದು ಚಟ ಬಿಡಿಸುವ ಆಸೆಯಲ್ಲಿ. ತಿರುವು ಬಂದದ್ದು 2015ರಲ್ಲಿ, ಅಮೆರಿಕದಲ್ಲಿ ಜೂಲ್ ಅನ್ನುವ ವೇಪ್ ಬಂದಾಗ. ಮೊದಲಿನ ದ್ರವದಲ್ಲಿ ನಿಕೋಟಿನ್ ಜಾಸ್ತಿ ಇದ್ದರೆ ಗಂಟಲು ಸುಡುತ್ತಿತ್ತು, ಕೆಮ್ಮು ಬರುತ್ತಿತ್ತು. ಜೂಲ್‌ನವರು ಬೆಂಜೋಯಿಕ್ ಆಮ್ಲ ಸೇರಿಸಿ ನಿಕೋಟಿನ್ ಲವಣ ಬಳಸಿದರು. ಗಂಟಲು ಉರಿಯದೆ ಜಾಸ್ತಿ ನಿಕೋಟಿನ್ ಒಳಗಿಳಿಯಿತು. ಮೊದಲ ಸಿಗರೇಟಿಗೆ ಕೆಮ್ಮಿ ಬಿಸಾಡಿದವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ! ಆ ಕೆಮ್ಮು ಒಂದು ಬೇಲಿಯಾಗಿತ್ತು. ಅದನ್ನೇ ಕಿತ್ತರು.

ಮೈಸೂರಿನಲ್ಲಿ ನಾನು ಇದನ್ನು ಮೊದಲು ನೋಡಿದ್ದು ಗೋಕುಲಂನಲ್ಲಿ, ಯೋಗ ಕಲಿಯಲು ಬಂದಿದ್ದ ವಿದೇಶಿಯರೊಬ್ಬರ ಕೈಯಲ್ಲಿ. ಎಳನೀರು ಗಾಡಿ ಪಕ್ಕ ನಿಂತು ದೊಡ್ಡ ಬಿಳಿ ಮೋಡ ಬಿಡುತ್ತಿದ್ದರು. ಎಳನೀರಿನವನು ಕೊಚ್ಚುವುದು ಬಿಟ್ಟು ಅದನ್ನೇ ನೋಡುತ್ತಿದ್ದ. 2015ರಲ್ಲಿ ಸರಸ್ವತಿಪುರಂನ ನನ್ನ ಗೆಳೆಯನೂ ಒಂದು ತರಿಸಿದ. ದಿನಕ್ಕೆ ಒಂದು ಪ್ಯಾಕ್ ಸೇದುತ್ತಿದ್ದವನು. ಅವನದು ಟಾರ್ಚಿನಷ್ಟು ದಪ್ಪದ್ದು. ತಿಂಗಳಿಗೊಮ್ಮೆ ಸುರುಳಿ ಬದಲಿಸಬೇಕು, ಹತ್ತಿ ತುರುಕಬೇಕು, ಬಾಟಲಿಯಿಂದ ದ್ರವ ತುಂಬಬೇಕು. ಭಾನುವಾರ ಬೆಳಗ್ಗೆ ಪೇಪರ್ ಹಾಸಿಕೊಂಡು ಅದನ್ನು ಬಿಚ್ಚಿ ಕೂತರೆ ಹಳೇ ರೇಡಿಯೋ ರಿಪೇರಿ ಮಾಡುವವನ ಹಾಗೆ ಕಾಣುತ್ತಿದ್ದ. ಎರಡು ತಿಂಗಳಲ್ಲಿ ಸಿಗರೇಟು ನಿಂತಿತು. ಕೆಮ್ಮು ಕಡಿಮೆಯಾಯಿತು. ಅವನ ಹೆಂಡತಿ ಅದನ್ನು 'ನಿಮ್ಮ ಹುಕ್ಕಾ' ಅಂತ ಬೈಯುತ್ತಿದ್ದರೂ ಮನೆಯಲ್ಲಿ ಬೂದಿ ಬೀಳಲ್ಲವಲ್ಲ ಅಂತ ಸುಮ್ಮನಿದ್ದರು.

ಮುಂದಿನ ವರ್ಷವೇ, 2016ರ ಜೂನ್‌ನಲ್ಲಿ, ರಾಜ್ಯ ಸರ್ಕಾರ ಇ-ಸಿಗರೇಟಿನ ತಯಾರಿಕೆ, ಮಾರಾಟ, ಜಾಹೀರಾತು ನಿಲ್ಲಿಸಿತು. ಯುವಕರನ್ನು ಸೆಳೆಯುತ್ತೆ ಅನ್ನುವುದು ಮುಖ್ಯ ಕಾರಣ. ಆದರೆ ಬೇರೆ ಎಷ್ಟೋ ರಾಜ್ಯಗಳಲ್ಲಿ ಮಾರಾಟ ನಡೆದೇ ಇತ್ತು. ಗೆಳೆಯನ ಬಾಟಲಿಗಳು ದೆಹಲಿಯಿಂದ ಕೊರಿಯರ್‌ನಲ್ಲಿ ಬರುತ್ತಿದ್ದವು.

ಅಷ್ಟು ಹೊತ್ತಿಗೆ ದೇಶದ ಮಟ್ಟದಲ್ಲಿ ಒಂದು ವಿಚಿತ್ರ ಪ್ರಶ್ನೆ ಎದ್ದಿತ್ತು. ಇದು ಏನು? ಒಳಗೆ ಎಲೆ ಇಲ್ಲ, ಹಾಗಾಗಿ 2003ರ ತಂಬಾಕು ಕಾನೂನಿಗೆ ಸರಿಯಾಗಿ ಸಿಗಲ್ಲ. ಸಿಗರೇಟು ಬಿಡಲು ಅಗಿಯುವ ನಿಕೋಟಿನ್ ಗಮ್ ಔಷಧ ಅನ್ನಿಸಿಕೊಂಡ ಮೇಲೆ ಇದೂ ಔಷಧವೇ ಅಂದರೆ ಲೈಸೆನ್ಸ್ ಬೇಕು. 2018ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಎಲ್ಲಾ ರಾಜ್ಯಗಳಿಗೂ ಇದನ್ನು ತಡೆಯಿರಿ ಅಂತ ಸಲಹೆ ಕಳಿಸಿತು. ಆಮೇಲೆ ಔಷಧ ಕಾನೂನಿನ ಅಡಿ ತಡೆಯಲು ಸುತ್ತೋಲೆ ಹೊರಟಾಗ 2019ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು, ಮೇಲ್ನೋಟಕ್ಕೆ ಇದು ಔಷಧವಲ್ಲ ಅಂತ. ತಂಬಾಕೂ ಅಲ್ಲ, ಔಷಧವೂ ಅಲ್ಲ. ಉಳಿದ ದಾರಿ ಹೊಸ ಕಾನೂನು. ಮೇ 31ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪೂರ್ತಿ ನಿಷೇಧವೇ ಸರಿ ಅಂತ ವರದಿ ಕೊಟ್ಟಿತು. ಸೆಪ್ಟೆಂಬರ್ 18ಕ್ಕೆ ಸಂಪುಟ ಸುಗ್ರೀವಾಜ್ಞೆಗೆ ಒಪ್ಪಿತು. ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು.

ಆ ವರ್ಷ ಅಮೆರಿಕದಿಂದ ಭಯ ಹುಟ್ಟಿಸುವ ಸುದ್ದಿ ಬರುತ್ತಿತ್ತು. ವೇಪ್ ಎಳೆದ ಹುಡುಗರು ಉಸಿರಾಡಲಾಗದೆ ಆಸ್ಪತ್ರೆ ಸೇರುತ್ತಿದ್ದರು. 2020ರ ಫೆಬ್ರವರಿ ಹೊತ್ತಿಗೆ 2,807 ಜನ ಆಸ್ಪತ್ರೆಗೆ ಸೇರಿದ್ದರು ಇಲ್ಲವೇ ಸತ್ತಿದ್ದರು. ಸತ್ತವರೇ 68. ನಮ್ಮ ಟಿವಿಗಳಲ್ಲೂ ಅದೇ ಓಡಿತು. ಕಾರಣದ ಗಟ್ಟಿ ಸುಳಿವು ಸಿಕ್ಕಿದ್ದು 2019ರ ನವೆಂಬರ್‌ನಲ್ಲಿ. 29 ರೋಗಿಗಳ ಶ್ವಾಸಕೋಶದ ದ್ರವ ಪರೀಕ್ಷಿಸಿದಾಗ ಎಲ್ಲದರಲ್ಲೂ ವಿಟಮಿನ್ ಇ ಅಸಿಟೇಟ್ ಸಿಕ್ಕಿತು. ಅದನ್ನು ಮುಖ್ಯವಾಗಿ ಕಳ್ಳಸಂತೆಯ ಗಾಂಜಾ ಎಣ್ಣೆಗೆ ಕಲಬೆರಕೆ ಮಾಡುತ್ತಿದ್ದರು. ಅದೇ ತಿಂಗಳ ಕೊನೆಯಲ್ಲಿ ನಮ್ಮ ಲೋಕಸಭೆ ಮಸೂದೆ ಒಪ್ಪಿತು. ಈ ಎರಡು ಸುದ್ದಿ ಒಂದರ ಪಕ್ಕ ಒಂದು ಕೂತದ್ದನ್ನು ಇಲ್ಲಿ ಯಾರೂ ಜಾಸ್ತಿ ಗಮನಿಸಲಿಲ್ಲ. ಇವತ್ತಿಗೂ ವೇಪ್ ಅಂದರೆ 'ಗಾಂಜಾ ಮಿಷಿನ್' ಅನ್ನುವ ಅಪ್ಪಂದಿರಿದ್ದಾರೆ.

ಬ್ರಿಟನ್ ಉಲ್ಟಾ ದಾರಿ ಹಿಡಿಯಿತು. ಅಲ್ಲಿನ ಆರೋಗ್ಯ ಇಲಾಖೆಯ ಸಂಸ್ಥೆ 2015ರಲ್ಲಿ ಇದು ಸಿಗರೇಟಿಗಿಂತ ಸುಮಾರು ಶೇ. 95ರಷ್ಟು ಕಡಿಮೆ ಹಾನಿ ಅಂದಿತು. ಆ ಅಂಕಿಗೆ ಆಧಾರ ಸಾಲದು ಅನ್ನುವ ತಕರಾರು ಅವತ್ತಿನಿಂದಲೂ ಇದೆ. 2023ರಲ್ಲಿ ಹತ್ತು ಲಕ್ಷ ಸೇದುವವರಿಗೆ ವೇಪ್ ಕಿಟ್ ಕೊಡುವ ಯೋಜನೆ ಹಾಕಿದರು. ಆಮೇಲೆ ಶಾಲೆ ಮಕ್ಕಳ ಬ್ಯಾಗಿನಲ್ಲೂ ಅದೇ ಸಿಕ್ಕತೊಡಗಿದಾಗ, 2025ರ ಜೂನ್‌ನಿಂದ ಬಳಸಿ ಬಿಸಾಡುವ ವೇಪ್ ಮಾರಾಟ ನಿಲ್ಲಿಸಿದರು. ಇದರಿಂದ ಸಿಗರೇಟು ಬಿಡಬಹುದಾ ಅನ್ನುವುದಕ್ಕೆ ಪುರಾವೆ ಗಟ್ಟಿಯಾಗೇ ಇದೆ. ಕೊಕ್ರೇನ್ ಸಂಸ್ಥೆ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ, ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಯಿಂದ ನೂರಕ್ಕೆ 6 ಜನ ಬಿಟ್ಟರೆ ವೇಪ್‌ನಿಂದ 8ರಿಂದ 10 ಜನ ಬಿಡುತ್ತಾರೆ. ವ್ಯತ್ಯಾಸ ಇದೆ. ಪವಾಡ ಅಲ್ಲ.

ನಮ್ಮ ಕಾಯ್ದೆಗೆ ಬರೋಣ. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ ಮೂರು ವರ್ಷ, ಐದು ಲಕ್ಷ. ದಾಸ್ತಾನು ಇಟ್ಟರೆ ಆರು ತಿಂಗಳು ಅಥವಾ 50,000 ರೂಪಾಯಿ. ನಿಕೋಟಿನ್ ಇಲ್ಲದ್ದೂ, ತಂಬಾಕನ್ನು ಸುಡದೆ ಕಾಯಿಸುವ ಉಪಕರಣವೂ, ಇ-ಹುಕ್ಕಾವೂ ಇದರೊಳಗೇ ಬರುತ್ತವೆ. ಆದರೆ ಎಳೆಯುವವನಿಗೆ ಇಷ್ಟು ಶಿಕ್ಷೆ ಅಂತ ಒಂದು ಸಾಲೂ ಇಲ್ಲ. ಜೇಬಿನಲ್ಲಿ ಒಂದಿದ್ದರೆ ಅದು ದಾಸ್ತಾನೇ? ಈ ಗೊಂದಲ ವರ್ಷಗಟ್ಟಲೆ ಎಳೆಯಿತು. 2023ರಲ್ಲಿ ಸಚಿವಾಲಯ, ಯಾವ ರೂಪದಲ್ಲಿ, ಎಷ್ಟೇ ಇಟ್ಟುಕೊಂಡರೂ ಉಲ್ಲಂಘನೆಯೇ ಅಂತ ಹೇಳಿತು. ಬೀದಿಯಲ್ಲಿ ಈ ಮಾತು ಗೊತ್ತಿರುವವರು ಕಡಿಮೆ.

ನನಗೆ ಕಸಿವಿಸಿ ಅನ್ನಿಸುವುದು ಬೇರೆ ವಿಷಯ. ನಿಷೇಧ ಘೋಷಣೆಯಾದ ದಿನ ಸಿಗರೇಟ್ ಕಂಪನಿಗಳ ಷೇರು ಏರಿದವು. ನಮ್ಮ ಬೀದಿ ಕೊನೆಯ ಪೆಟ್ಟಿಗೆ ಅಂಗಡಿಯಲ್ಲಿ ಸಿಗರೇಟು ಒಂದೊಂದಾಗಿ ಸಿಗುತ್ತೆ, ಲೈಟರ್ ದಾರದಲ್ಲಿ ನೇತಾಡುತ್ತೆ. 2016-17ರ ಸಮೀಕ್ಷೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಜನ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಗುಟ್ಕಾ 2013ರಲ್ಲೇ ನಿಷೇಧವಾದರೂ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅಕ್ಕಪಕ್ಕ ತೂಗುತ್ತವೆ. ತಂಬಾಕು ಮಂಡಳಿ ಕರ್ನಾಟಕಕ್ಕೆ ವರ್ಷಕ್ಕೆ ಸುಮಾರು 10 ಕೋಟಿ ಕೆ.ಜಿ. ಬೆಳೆಯಲು ಅನುಮತಿ ಕೊಡುತ್ತೆ. ಅದರಲ್ಲಿ ಬಹುಪಾಲು ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆಯದೇ. ರೈತರನ್ನು ದೂರಲು ಈ ಮಾತಲ್ಲ. ನನ್ನ ಅಮ್ಮನ ಮದುವೆ ನಡೆದದ್ದೇ ಒಂದು ಬ್ಯಾರನ್ ಸೊಪ್ಪಿನ ದುಡ್ಡಿನಲ್ಲಿ. ಆದರೆ ಹೆಚ್ಚು ಕೊಲ್ಲುವುದಕ್ಕೆ ಲೈಸೆನ್ಸು, ಬಹುಶಃ ಕಡಿಮೆ ಕೊಲ್ಲುವುದಕ್ಕೆ ಜೈಲು ಅಂದರೆ ಕಣ್ಣು ಮುಚ್ಚಿಕೊಂಡು ಒಪ್ಪುವುದು ಕಷ್ಟ.

ಹಾಗಂತ ಅಂಗಡಿಯಲ್ಲಿ ಮಾರಿ ಅಂತಲೂ ಹೇಳಲು ಬಾಯಿ ಬರಲ್ಲ, ಅಳಿಯನ ಮುಖ ನೆನಪಾಗುತ್ತೆ. ಅವನು ಯಾವತ್ತೂ ಸಿಗರೇಟು ಮುಟ್ಟಿದವನಲ್ಲ. ವಾಸನೆಗೇ ಮುಖ ಸಿಂಡರಿಸುತ್ತಿದ್ದ. ಮಾವಿನಹಣ್ಣು ಬಂತು, ಸಿಕ್ಕಿಬಿದ್ದ. ವಾಟ್ಸ್‌ಆ್ಯಪ್‌ನಲ್ಲಿ ಒಂದು ನಂಬರ್, ಸಾವಿರದ ಮೇಲೆ ದುಡ್ಡು, ಸ್ಕೂಟರ್‌ನಲ್ಲಿ ಬಂದು ಕೊಟ್ಟು ಹೋಗುತ್ತಾರೆ. ಒಳಗಿನ ದ್ರವವನ್ನು ಯಾರೂ ಪರೀಕ್ಷೆ ಮಾಡಿಲ್ಲ, ವಯಸ್ಸು ಯಾರೂ ಕೇಳಲ್ಲ. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು, ಹುಕ್ಕಾ ಬಾರ್ ಮುಚ್ಚಿಸಿತು. ಸ್ಕೂಟರ್‌ನವನಿಗೆ 21 ಆದರೇನು, 12 ಆದರೇನು?

ಗೆಳೆಯನ ಕಥೆ ಬೇಗ ಮುಗಿಯುತ್ತೆ. 2019ರ ಕೊನೆಗೆ ಕೊರಿಯರ್ ನಿಂತಿತು. ಇದ್ದ ಬಾಟಲಿಯನ್ನು ಹನಿಹನಿ ಲೆಕ್ಕ ಹಾಕಿ ಸಂಕ್ರಾಂತಿವರೆಗೆ ಎಳೆದ. ಕಳ್ಳತನದಲ್ಲಿ ಕೊಳ್ಳುವ ಧೈರ್ಯ ಇರಲಿಲ್ಲ, ಬ್ಯಾಂಕ್ ನೌಕರಿ. ಪೆಟ್ಟಿಗೆ ಅಂಗಡಿಗೆ ವಾಪಸ್ ಹೋದ. ಈಗ ನಿಕೋಟಿನ್ ಗಮ್ ಅಗಿಯುತ್ತಾನೆ, ಜೊತೆಗೆ ದಿನಕ್ಕೆ ನಾಲ್ಕು ಸೇದುತ್ತಾನೆ. ತಂಬಾಕು ಬಿಡುವವರಿಗೆ ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-11-2356. ನಾನೇ ಬರೆದುಕೊಟ್ಟೆ. ಅಳಿಯನಿಗೂ ಅದೇ ನಂಬರ್ ಕೊಟ್ಟೆ. ಅಲ್ಲಿಗೆ ಫೋನ್ ಮಾಡಲು ಅವನಿಗೆ ನಾಚಿಕೆ, 'ನಾನೇನು ಸಿಗರೇಟ್ ಸೇದಲ್ವಲ್ಲ' ಅಂತಾನೆ.

ಆ ನೀಲಿ ತುಂಡನ್ನು ಏನು ಮಾಡುವುದು ಅಂತ ಅಕ್ಕನಿಗೆ ಚಿಂತೆ. ಬೆಳಗ್ಗೆ ಕಸದ ಗಾಡಿಯವರು ವಿಷಲ್ ಊದಿದಾಗ ಹಸಿ ಕಸಕ್ಕೋ ಒಣ ಕಸಕ್ಕೋ ಅಂತ ಕೈಯಲ್ಲಿ ಹಿಡಿದು ನಿಂತಿದ್ದಳು. ಬ್ಯಾಟರಿ ಜಜ್ಜಿದರೆ ಬೆಂಕಿ ಹತ್ತುತ್ತೆ, ಕೊಡು ಅಂತ ಇಸ್ಕೊಂಡೆ. ಪರಿಚಯದ ಮೊಬೈಲ್ ರಿಪೇರಿ ಹುಡುಗನ ಹತ್ತಿರ ಹೋದೆ. ಅವನು ಏನು ಅಂತ ಕೇಳಲೇ ಇಲ್ಲ. ಚೂಪು ಚಿಮುಟದಿಂದ ಮುಚ್ಚಳ ಎಬ್ಬಿಸಿದ. ಕಂದು ಬಣ್ಣಕ್ಕೆ ತಿರುಗಿದ ಹತ್ತಿ, ಕೂದಲಿನಂಥ ತಂತಿ, ಕಿರುಬೆರಳಿನಷ್ಟು ಬ್ಯಾಟರಿ. ಹತ್ತಿ ಮುಟ್ಟಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

'ಸೆಲ್ ಚೆನ್ನಾಗೈತೆ ಸಾರ್, ಇಟ್ಕೊಳ್ಳಾ? ಟಾರ್ಚಿಗೆ ಆಗ್ತದೆ' ಅಂದ. ಆಮೇಲೆ ಮೇಜಿನ ಡ್ರಾಯರ್ ಎಳೆದ. ಹಳೇ ಬಿಸ್ಕತ್ತಿನ ಡಬ್ಬಿ. ಅದರೊಳಗೆ ಅಂಥವೇ ಸೆಲ್‌ಗಳು, ಅರ್ಧ ಡಬ್ಬಿ ತುಂಬಿದ್ದವು.