ಪದ ಪರಿಚಯ: ಸಮನ್ವಯ ಶಾಲೆ

ಕುಷ್ಟಗಿ ತಾಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಆರನೇ ತರಗತಿಯ ಹುಡುಗಿಯ ತಾಯಿ ಮಧ್ಯಾಹ್ನದ ಹೊತ್ತು ಬಂದು ಬಾಗಿಲ ಬಳಿ ನಿಂತರು. ಹುಡುಗಿಯ ಎರಡೂ ಕಾಲಿಗೆ ಕ್ಯಾಲಿಪರ್, ಅಂದರೆ ನಿಲ್ಲಲು ನಡೆಯಲು ಆಧಾರ ಕೊಡುವ ಪಟ್ಟಿ. ಓದಿನಲ್ಲಿ ಚುರುಕು, ಒಂದು ದಿನವೂ ಶಾಲೆ ತಪ್ಪಿಸಿದವಳಲ್ಲ.

"ಸರ್, ಮುಂಜಾನೆ ಎದ್ದಾಕಿ ಸಾಲಿ ಬಿಡೂತನ ಒಂದು ಗುಟುಕ ನೀರು ಕುಡಿಯಂಗಿಲ್ರಿ. ಕುಡದ್ರ ಎಲ್ಲಿ ಹೋಗ್ಬೇಕ್ರಿ ಆಕಿ?"

ನನ್ನಲ್ಲಿ ಉತ್ತರವಿರಲಿಲ್ಲ. ಶಾಲೆಯ ಮುಂಬಾಗಿಲಿಗೆ ರ‍್ಯಾಂಪ್ ಇತ್ತು, ಅದರ ಫೋಟೊ ಕಚೇರಿಗೆ ಹೋಗಿತ್ತು, ದಾಖಲೆಯಲ್ಲಿ ನಮ್ಮದು ಸಮನ್ವಯ ಶಾಲೆ, ಅಂದರೆ ಅಂಗವೈಕಲ್ಯ ಇರುವ ಮಕ್ಕಳೂ ಇಲ್ಲದ ಮಕ್ಕಳೂ ಕೂಡಿ ಕಲಿಯುವ ಶಾಲೆ. ಶೌಚಾಲಯ ಹಿತ್ತಲಿನಲ್ಲಿತ್ತು. ಮೂರು ಮೆಟ್ಟಿಲು ಹತ್ತಬೇಕು, ಒಳಗೆ ಕೂತು ಏಳಲು ಹಿಡಿದುಕೊಳ್ಳಲು ಏನೂ ಇಲ್ಲ. ಮಾರ್ಚ್ ತಿಂಗಳ ನಮ್ಮ ಸೀಮೆಯ ಬಿಸಿಲಿನಲ್ಲಿ ಹನ್ನೊಂದು ವರ್ಷದ ಮಗು ದಿನವಿಡೀ ಬಾಯಾರಿ ಕೂತು ನನ್ನ ವ್ಯಾಕರಣ ಪಾಠ ಕೇಳುತ್ತಿತ್ತು. ಅಲ್ಲಿಯವರೆಗೆ ನಾನು ಸುತ್ತೋಲೆಗಳಲ್ಲಿ ಓದಿ ಸಹಿ ಹಾಕುತ್ತಿದ್ದ ಪದವನ್ನು ಅಂದಿನಿಂದ ಬಿಡಿಸಿ ನೋಡಲು ಶುರು ಮಾಡಿದೆ.

ಸಂ ಮತ್ತು ಅನ್ವಯ ಸೇರಿ ಸಮನ್ವಯ. ಅನ್ವಯ ಎಂಬುದು ಕನ್ನಡ ಮೇಷ್ಟ್ರಿಗೆ ದಿನನಿತ್ಯದ ಕೆಲಸ. ಹಳೆಯ ಪದ್ಯವನ್ನು ಗದ್ಯಕ್ಕೆ ಬಿಡಿಸುವಾಗ ಮೊದಲು ಅನ್ವಯ ಮಾಡುತ್ತೇವೆ. ಛಂದಸ್ಸಿನ ಒತ್ತಾಯಕ್ಕೆ ಕರ್ತೃ ಎಲ್ಲೋ ಹಿಂದೆ ಉಳಿದಿರುತ್ತದೆ, ಕ್ರಿಯಾಪದ ಮುಂದೆ ಬಂದಿರುತ್ತದೆ, ವಿಶೇಷಣ ತನ್ನ ನಾಮಪದದಿಂದ ದೂರ ಸರಿದಿರುತ್ತದೆ. ಯಾವುದಕ್ಕೆ ಯಾವುದು ನಂಟು ಎಂದು ಹುಡುಕಿ ಜೋಡಿಸಿದಾಗ ಅರ್ಥ ತೆರೆದುಕೊಳ್ಳುತ್ತದೆ. ಇದಕ್ಕೊಂದು ನಿಯಮವಿದೆ: ಪದ್ಯದ ಯಾವ ಪದವನ್ನೂ ಕೈಬಿಡುವಂತಿಲ್ಲ. ಒಂದು ಪದ ಎಲ್ಲೂ ಕೂಡುತ್ತಿಲ್ಲ ಅನ್ನಿಸಿದರೆ ನಾವು ಕಟ್ಟಿದ ವಾಕ್ಯ ತಪ್ಪು, ಮತ್ತೆ ಕಟ್ಟಬೇಕು. ಸಮನ್ವಯ ಶಾಲೆಯ ಅರ್ಥ ನನಗೆ ಹೊಳೆದದ್ದು ಇಲ್ಲೇ. ಆ ಹುಡುಗಿ ನಮ್ಮ ಶಾಲೆಯಲ್ಲಿ ಕೂಡುತ್ತಿಲ್ಲ ಎಂದಾದರೆ ಮತ್ತೆ ಕಟ್ಟಬೇಕಾದದ್ದು ಶಾಲೆಯನ್ನು.

ಇದೇ ಅರ್ಥಕ್ಕೆ 'ಒಳಗೊಳ್ಳುವ ಶಿಕ್ಷಣ' ಎಂಬ ಮಾತೂ ಬಳಕೆಯಲ್ಲಿದೆ. ತಾಯಂದಿರಿಗೆ ಹೇಳುವಾಗ ಅದು ಸುಲಭ, ನಿಜ. ಆದರೂ ಒಳಗೊಳ್ಳುವುದು ಎಂದಾಗ ಒಳಗೆ ಮೊದಲೇ ಇದ್ದವರು ಹೊರಗಿನವರನ್ನು ಕರುಣೆಯಿಂದ ಸೇರಿಸಿಕೊಂಡ ಧ್ವನಿ ಬರುತ್ತದೆ. ಸಮನ್ವಯದಲ್ಲಿ ಆ ಧ್ವನಿಯಿಲ್ಲ. ಹಾಗಾಗಿ ನಾನು ಸರ್ಕಾರಿ ಪದವನ್ನೇ ಇಟ್ಟುಕೊಂಡಿದ್ದೇನೆ.

ಈ ಪದ ಬರುವ ಮೊದಲು ಎರಡು ಬಗೆಯ ಏರ್ಪಾಡುಗಳಿದ್ದವು. ಒಂದು ಪ್ರತ್ಯೇಕ ಶಾಲೆ. ನಮ್ಮ ಭಾಗದಲ್ಲಿ ಅದರ ಬಹು ದೊಡ್ಡ ಉದಾಹರಣೆ ಪಕ್ಕದ ಗದಗಿನ ವೀರೇಶ್ವರ ಪುಣ್ಯಾಶ್ರಮ. ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು ಕಟ್ಟಿ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಬೆಳೆಸಿದ ಆ ಆಶ್ರಮ ಕಣ್ಣು ಕಾಣದ ಎಷ್ಟೋ ಮಕ್ಕಳಿಗೆ ಸಂಗೀತದ ಜೊತೆ ಅನ್ನ, ಆಸರೆ, ಮರ್ಯಾದೆ ಕೊಟ್ಟಿತು. ಊರಿನ ಶಾಲೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅಂಥ ಜಾಗಗಳು ಇಲ್ಲದಿದ್ದರೆ ಆ ಮಕ್ಕಳಿಗೆ ಏನೂ ಇರುತ್ತಿರಲಿಲ್ಲ. ಎರಡನೆಯದು, ಮಗುವನ್ನು ಸಾಮಾನ್ಯ ಶಾಲೆಗೆ ಸೇರಿಸಿ, ಹೊಂದಿಕೊಳ್ಳುವ ಭಾರವನ್ನು ಅದರ ಮೇಲೇ ಬಿಡುವುದು. 1974ರಲ್ಲಿ ಕೇಂದ್ರ ಸರ್ಕಾರ ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗೆ ತರುವ ಯೋಜನೆ ಶುರು ಮಾಡಿತು. ಮಕ್ಕಳು ಬಂದರು, ಶಾಲೆ ಮಾತ್ರ ಬಹುಮಟ್ಟಿಗೆ ಇದ್ದ ಹಾಗೆಯೇ ಇತ್ತು.

1994ರಲ್ಲಿ ಸ್ಪೇನಿನ ಸಲಮಾಂಕಾ ನಗರದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಸೇರಿ, ಬದಲಾಗಬೇಕಾದದ್ದು ಶಾಲೆಯೇ ಎಂದು ಒಪ್ಪಿದರು. ವಿಕಲಚೇತನರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ ಮಾಡಿದ 2006ರ ಒಡಂಬಡಿಕೆಯನ್ನು ಭಾರತ ಮರುವರ್ಷವೇ ಅನುಮೋದಿಸಿತು. ಅದರ ಫಲವಾಗಿ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಈ ಪದಕ್ಕೆ ಅರ್ಥವನ್ನೂ ಕೊಟ್ಟಿದೆ: ಅಂಗವೈಕಲ್ಯ ಇರುವ ಮಕ್ಕಳೂ ಇಲ್ಲದ ಮಕ್ಕಳೂ ಒಟ್ಟಿಗೆ ಕಲಿಯಬೇಕು, ಕಲಿಸುವ ಕಲಿಯುವ ಪದ್ಧತಿ ಆ ಮಕ್ಕಳ ಅಗತ್ಯಕ್ಕೆ ತಕ್ಕಂತೆ ಬದಲಾಗಿರಬೇಕು. ಒಟ್ಟಿಗೆ ಕೂರಿಸುವುದು ಅರ್ಧ ಮಾತ್ರ. ಉಳಿದ ಅರ್ಧವನ್ನು ನಾವು ಓದದೆ ಬಿಟ್ಟಿದ್ದೇವೆ.

1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಈಗ 21. ಆಟಿಸಂ, ಕಲಿಕಾ ನ್ಯೂನತೆ, ರಕ್ತದ ಕಾಯಿಲೆಗಳಾದ ಥಲಸ್ಸೇಮಿಯಾ, ಹಿಮೋಫಿಲಿಯಾ ಎಲ್ಲವೂ ಸೇರಿವೆ. ಇವುಗಳಲ್ಲಿ ಎಷ್ಟೋ ಕಣ್ಣಿಗೆ ಕಾಣುವಂಥವಲ್ಲ. ಒತ್ತಕ್ಷರವನ್ನು ಸದಾ ಬೇರೆ ಅಕ್ಷರದ ಕೆಳಗೆ ಬರೆಯುವ, ಓದುವಾಗ ಸಾಲು ತಪ್ಪುವ ಹುಡುಗನಿಗೆ ಶಾಲೆ ದಡ್ಡ ಎಂದು ಹೆಸರಿಡುತ್ತದೆ. ಅವನ ಕೈಯಲ್ಲಿ ಕೋಲಿಲ್ಲ, ಕಾಲಿಗೆ ಕ್ಯಾಲಿಪರ್ ಇಲ್ಲ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಇನ್ನು ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಎಷ್ಟೋ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದು ಹಲ್ಲಿನ ಬಣ್ಣ ಕೆಡಿಸುವುದಷ್ಟೇ ಅಲ್ಲ, ವರ್ಷಗಟ್ಟಲೆ ಕುಡಿದವರ ಕೀಲು ಮೂಳೆಗಳನ್ನೂ ಬಿಗಿಯುತ್ತದೆ. ಶಾಲೆಯ ವಿನ್ಯಾಸದ ಮಾತಿನಲ್ಲಿ ಕುಡಿಯುವ ನೀರಿನ ಶುದ್ಧೀಕರಣ ಘಟಕವನ್ನೂ ನಾನು ಸೇರಿಸುವುದು ಇದಕ್ಕೇ.

ಹೆಸರಿನ ವಿಚಾರ ಬಂದಾಗ ಒಂದು ಮಾತು. ಅಂಗವಿಕಲ ಹೋಗಿ ವಿಕಲಚೇತನ ಬಂತು, ಇಲಾಖೆಯ ಹೆಸರಿನಲ್ಲೂ ಅದೇ ಇದೆ. ವಿಕಲವಾದದ್ದು ಅಂಗ, ಚೇತನವಲ್ಲ ಎಂದು ಆಕ್ಷೇಪಿಸುವವರಿದ್ದಾರೆ, ನನಗೂ ಅದು ಸರಿ ಎನಿಸುತ್ತದೆ. ಕಾಯ್ದೆಯ ಮಾತಾಡುವಾಗ ಆ ಪದ ಬಳಸುತ್ತೇನೆ, ತರಗತಿಯಲ್ಲಿ ಮಕ್ಕಳನ್ನು ಅವರವರ ಹೆಸರಿನಿಂದ ಕರೆಯುತ್ತೇನೆ.

ಈಗ ಕಟ್ಟಡಕ್ಕೆ ಬರೋಣ. ರ‍್ಯಾಂಪಿಗೆ ನಮ್ಮ ದೇಶದ ಮಾರ್ಗಸೂಚಿಯ ಲೆಕ್ಕ 1:12. ಅಡಿಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಎರಡು ಅಡಿ ಎತ್ತರದ ಕಟ್ಟೆಯ ಶಾಲೆಗೆ 24 ಅಡಿ ಬೇಕು. ಅಲ್ಲಿ ಎಂಟು ಅಡಿಯಲ್ಲಿ ಮುಗಿಸಿದ ರ‍್ಯಾಂಪುಗಳನ್ನು ನಾನು ಕಂಡಿದ್ದೇನೆ. ಹುಡುಗರಿಗೆ ಅದು ಜಾರುಬಂಡೆ. ಗಾಲಿಕುರ್ಚಿಯಲ್ಲಿ ಕೂತ ಮಗು ತಾನಾಗಿ ಹತ್ತಲಾರದು, ಇಳಿಯುವಾಗ ಹಿಡಿತ ತಪ್ಪಿದರೆ ಅಪಾಯ. ಎರಡೂ ಬದಿಗೆ ಕೈಹಿಡಿ ಬೇಕು. ಬಯಲಿನಲ್ಲಿರುವ ಕಬ್ಬಿಣ ಅಥವಾ ಸ್ಟೀಲಿನ ಕೈಹಿಡಿ ನಮ್ಮ ಬೇಸಿಗೆಯಲ್ಲಿ ಮುಟ್ಟಲಾಗದಷ್ಟು ಕಾಯುತ್ತದೆ, ಮೇಲೊಂದು ತಗಡಿನ ನೆರಳಾದರೂ ಇರಬೇಕು. ಇದನ್ನು ಯಾವ ಮಾರ್ಗಸೂಚಿಯೂ ನನಗೆ ಹೇಳಲಿಲ್ಲ, ಒಂದು ಮಧ್ಯಾಹ್ನ ನಾನೇ ಹಿಡಿದು ನೋಡಿದೆ.

ರ‍್ಯಾಂಪಿಗೂ ಮೊದಲು ದಾರಿ. ಎರಿ ಭೂಮಿಯ ಊರಿನಲ್ಲಿ ಮಳೆ ಬಿದ್ದ ಮರುದಿನ ಗಾಲಿಗೆ ಮಣ್ಣು ಮೆತ್ತಿಕೊಂಡರೆ ಕುರ್ಚಿ ಒಂದು ಗೇಣು ಮುಂದೆ ಹೋಗುವುದಿಲ್ಲ, ಊರುಗೋಲು ಹೂತುಬಿಡುತ್ತದೆ. ಗೇಟಿನಿಂದ ತರಗತಿಗೆ, ತರಗತಿಯಿಂದ ಬಿಸಿಯೂಟದ ಜಾಗಕ್ಕೆ, ನಲ್ಲಿಗೆ, ಶೌಚಾಲಯಕ್ಕೆ ಪರ್ಸಿ ಕಲ್ಲು ಹಾಸಿದ ಒಂದೇ ಸಮನಾದ ದಾರಿ ಇರಬೇಕು, ಎಲ್ಲೂ ಕಡಿಯಬಾರದು. ಇಂಥ ಏರ್ಪಾಡಿಗೆ ಬಳಸುವ ಸುಗಮ್ಯ ಎಂಬ ಪದದ ಅರ್ಥವೇ ಅದು, ಸುಲಭವಾಗಿ ಹೋಗಿ ತಲುಪಬಹುದಾದದ್ದು. ಸರಪಳಿಯ ಒಂದು ಕೊಂಡಿ ಇಲ್ಲದಿದ್ದರೂ ಉಳಿದ ಕೊಂಡಿಗಳು ಆ ಮಗುವಿನ ಪಾಲಿಗೆ ಇಲ್ಲದಂತೆಯೇ. ಊರಿನ ಅರ್ಧ ಜನ ಗುಳೆ ಹೋದ ತಿಂಗಳುಗಳಲ್ಲಿ ಇದು ಇನ್ನೂ ನಿಚ್ಚಳವಾಗುತ್ತದೆ. ಅಪ್ಪ ಅವ್ವ ಬೆಂಗಳೂರಿಗೋ ಗೋವಾಕ್ಕೋ ದುಡಿಯಲು ಹೋದಾಗ ನಡೆಯಲಾರದ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟಿರುತ್ತಾರೆ. ಅಪ್ಪ ಹೊತ್ತು ತರುತ್ತಿದ್ದ ಮಗುವನ್ನು ಅಜ್ಜಿ ಹೊರಲಾರಳು. ಹಾಜರಿ ಪುಸ್ತಕದಲ್ಲಿ ಗೈರು ಬೀಳುತ್ತದೆ.

ಶೌಚಾಲಯದೊಳಗೆ ಗಾಲಿಕುರ್ಚಿ ತಿರುಗಲು ಸುಮಾರು ಐದು ಅಡಿ ಅಗಲದ ಖಾಲಿ ಜಾಗ ಬೇಕು, ಬಾಗಿಲು ಮೂರು ಅಡಿ ಅಗಲವಿದ್ದು ಹೊರಕ್ಕೆ ತೆರೆಯಬೇಕು, ಕಮೋಡಿನ ಪಕ್ಕ ಗೋಡೆಗೆ ಗಟ್ಟಿ ಹಿಡಿಕೆ. ನಮ್ಮಲ್ಲಿ ಹಿಡಿಕೆಗಳನ್ನು ಊರಿನ ವೆಲ್ಡಿಂಗ್ ಅಂಗಡಿಯವರೇ ಪೈಪಿನಲ್ಲಿ ಮಾಡಿಕೊಟ್ಟರು. ಎತ್ತರ ಎಷ್ಟಿರಬೇಕು ಎಂದು ಅವರು ಕೇಳಿದಾಗ ನಾನು ಕಾಗದ ತೆಗೆದೆ. ಅವರು ಅದನ್ನು ನೋಡದೆ ಹುಡುಗಿಯ ತಾಯಿಯನ್ನು ಕರೆಸಿ, ಆಕೆಯೆದುರೇ ಮಗಳನ್ನು ಕೂರಿಸಿ ಏಳಿಸಿ ಅಳತೆ ತೆಗೆದುಕೊಂಡರು. ವಿನ್ಯಾಸ ಎಂದರೆ ಏನು ಎಂದು ನಾನು ಕಲಿತದ್ದು ಆ ಹತ್ತು ನಿಮಿಷದಲ್ಲಿ. ಹಣದ ಮಾತು: ಗ್ರಾಮ ಪಂಚಾಯಿತಿಗಳು ತಮ್ಮ ಸಂಪನ್ಮೂಲದ ಶೇ 5ರಷ್ಟನ್ನು ವಿಕಲಚೇತನರಿಗೆಂದು ತೆಗೆದಿಡಬೇಕು. ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಠರಾವು ಮಾಡಿ, ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಜೊತೆಗೆ ಕರೆದುಕೊಂಡು ಹೋಗಿ ಕೇಳಿ.

ನೆಲದ ಮೇಲೆ ಕೂರುವ ನಮ್ಮ ಪದ್ಧತಿಯನ್ನೂ ನೋಡಬೇಕು. ಕ್ಯಾಲಿಪರ್ ಹಾಕಿದ ಮಗುವಿಗೆ ನೆಲಕ್ಕೆ ಕೂರುವುದೇ ಒಂದು ಕಸರತ್ತು, ಕುರ್ಚಿ ಕೊಟ್ಟರೆ ಎಲ್ಲರಿಗಿಂತ ಮೇಲೆ ಒಂಟಿ. ಪ್ರತಿ ಸಾಲಿನಲ್ಲೂ ಒಂದಿಷ್ಟು ಬೆಂಚು ಇಟ್ಟು ಮಕ್ಕಳು ಸರದಿಯಲ್ಲಿ ಕೂರುವಂತೆ ಮಾಡಿದರೆ ಆ ಒಂಟಿತನ ಹೋಗುತ್ತದೆ. ಕಣ್ಣು ಮಂದವಾದ ಮಗುವಿಗೆ ಕಿಟಕಿಯ ಬೆಳಕು ಬೆನ್ನಿನಿಂದ ಅಥವಾ ಪಕ್ಕದಿಂದ ಬರಲಿ, ಹೊಳೆಯುವ ಬೋರ್ಡಿಗೆ ಬಣ್ಣ ಬಳಿಸಿ.

ಪಾಠದ ವಿನ್ಯಾಸಕ್ಕೆ ನಾವು ದೂರ ಹೋಗಬೇಕಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ರಾಜ್ಯವಿಡೀ ಹರಡಿದ, ಒಂದರಿಂದ ಮೂರನೇ ತರಗತಿಯವರೆಗಿನ ನಲಿಕಲಿ ಪದ್ಧತಿಯಲ್ಲಿ, ಹಂತ ಹಂತವಾಗಿ ಜೋಡಿಸಿದ ಕಲಿಕಾ ಏಣಿಯನ್ನು ಪ್ರತಿ ಮಗುವೂ ತನ್ನ ವೇಗದಲ್ಲಿ ಏರುತ್ತದೆ. ಸಮನ್ವಯದ ಬೀಜ ಅದರಲ್ಲಿದೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ನಾವು ಎಲ್ಲರಿಗೂ ಒಂದೇ ಪುಟ, ಒಂದೇ ಗತಿ ಮಾಡಿಬಿಡುತ್ತೇವೆ, ನನಗೆ ನೋವಾಗುವುದು ಅದಕ್ಕೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಆ ಪಾಠಕ್ಕೆ ಒಮ್ಮೆ ಕೆರೆಯ ಜೇಡಿ ಮಣ್ಣಿನ ಹಲಗೆ ಮಾಡಿಸಿ ಮಕ್ಕಳಿಂದಲೇ ಬ್ರಾಹ್ಮಿ ಅಕ್ಷರ ಕೊರೆಸಿದೆ. ಕಣ್ಣು ಕಾಣದ ಹುಡುಗ ಒಣಗಿದ ಹಲಗೆಯ ಮೇಲೆ ಬೆರಳಾಡಿಸಿ, ಕೊರೆದ ಅಕ್ಷರದ ಆಕಾರವನ್ನು ಉಳಿದವರಿಗಿಂತ ಬೇಗ ಹೇಳಿದ. ಒಬ್ಬಳು ಬರೆದಳು, ಒಬ್ಬ ಕಥೆ ಮಾಡಿ ಹೇಳಿದ, ಇನ್ನೊಬ್ಬ ಚಿತ್ರ ಬಿಡಿಸಿದ, ಒತ್ತಕ್ಷರ ತಪ್ಪುವ ಹುಡುಗನೂ ಬಾಯಿಮಾತಿನಲ್ಲಿ ಪೂರ್ತಿ ಉತ್ತರ ಕೊಟ್ಟ. ವಿಷಯ ಒಂದೇ, ತಲುಪುವ ಬಾಗಿಲು ಹಲವು. ಪರೀಕ್ಷೆಯಲ್ಲಿ ಬರಹಗಾರರ ನೆರವು, ಹೆಚ್ಚುವರಿ ಸಮಯ ಸಿಗುವುದೂ ಇದೇ ತರ್ಕದ ಮೇಲೆ, ರಿಯಾಯಿತಿ ಎಂದು ಕರೆಯುವುದು ಸರಿಯಲ್ಲ.

ಈ ಪದದ ಮಿತಿಯನ್ನೂ ಹೇಳದಿದ್ದರೆ ಪರಿಚಯ ಅರ್ಧವಾಗುತ್ತದೆ. ಹುಟ್ಟಿನಿಂದ ಕಿವಿ ಕೇಳದ ಒಬ್ಬ ಹುಡುಗ ನಮ್ಮಲ್ಲಿ ಏಳನೇ ತರಗತಿಯವರೆಗೆ ಓದಿದ. ತಾಲೂಕಿನ ಸಂಪನ್ಮೂಲ ಶಿಕ್ಷಕರು ತಿಂಗಳಿಗೆ ಕೆಲವು ಸಲ ಬಂದು ಸನ್ನೆ ಭಾಷೆ ಕಲಿಸುತ್ತಿದ್ದರು. ಗೆಳೆಯರು ತಾವೇ ಗಂಟೆಗೆ, ಬಿಸಿಯೂಟಕ್ಕೆ, ನನಗೆ ಒಂದೊಂದು ಸನ್ನೆ ಮಾಡಿಕೊಂಡಿದ್ದರು. ಆಟದಲ್ಲಿ ಅವನಿಗೆ ಯಾವ ಕೊರತೆಯೂ ಇರಲಿಲ್ಲ. ಆದರೆ ತರಗತಿಯಲ್ಲಿ ನಾನು ನಲವತ್ತು ನಿಮಿಷ ಮಾತಾಡಿದರೆ ಅವನಿಗೆ ದಕ್ಕುತ್ತಿದ್ದದ್ದು ಪಕ್ಕದ ಹುಡುಗ ತೋರಿಸಿದ ನಾಲ್ಕು ಸನ್ನೆ. ಭಾಷೆಯೇ ಇಲ್ಲದ ಕೋಣೆಯಲ್ಲಿ ಕೂರಿಸಿ ಅದನ್ನು ಸಮನ್ವಯ ಎನ್ನಲು ನನಗೆ ಮನಸ್ಸು ಒಪ್ಪಲಿಲ್ಲ.

ಅವನ ಅಪ್ಪ ಬಂದು, ದೂರದ ಕಿವುಡ ಮಕ್ಕಳ ವಸತಿ ಶಾಲೆಗೆ ಹಾಕಲೋ ಇಲ್ಲೇ ಹೈಸ್ಕೂಲಿಗೆ ಹಾಕಲೋ ಎಂದು ಕೇಳಿದರು. 2016ರ ಕಾಯ್ದೆಯ 31ನೇ ಕಲಂ, ಶೇ 40 ಅಥವಾ ಅದಕ್ಕೂ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ, ಅದರ ಆಯ್ಕೆಯಂತೆ, ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ ಎಂದು ನಾನು ಹೇಳಿದೆ. "ಆಯ್ಕೆ ಅಂದ್ರ ನಂದೇನ್ರಿ ಸರ್, ಅವಂದ?" ಎಂದರು. ಅವನದು ಎಂದೆ. ಅವರು ಮಗನನ್ನು ಕರೆದುಕೊಂಡು ಹೋಗಿ ಆ ಶಾಲೆ ತೋರಿಸಿ ಬಂದರು. ಮರಳಿ ಬಂದ ಹುಡುಗ ನನ್ನೆದುರು ನಿಂತು ಎರಡೂ ಕೈ ಎತ್ತಿ, ಅಲ್ಲಿ ಎಲ್ಲರೂ, ಊಟದ ಸಾಲಿನಲ್ಲೂ, ಮಾತಾಡುತ್ತಾರೆ ಎಂದು ತೋರಿಸಿದ. ಜೂನಿನಲ್ಲಿ ಅಲ್ಲಿಗೇ ಸೇರಿದ.