ಟೇಪೂ ಕಂಪ್ಯೂಟರೂ ಜೊತೆಯಾಗಿ ಓಡಲು ಕಲಿತದ್ದು

ಮನೆಯಲ್ಲಿ ಹಾಡು ರೆಕಾರ್ಡ್ ಮಾಡುತ್ತಿದ್ದವರಿಗೆ 1990ರ ದಶಕದಲ್ಲಿ ಒಂದು ತೊಂದರೆ ತುಂಬ ಕಾಡಿತ್ತು. ಡ್ರಮ್ಸ್ ಡಿಜಿಟಲ್ ಟೇಪಿನಲ್ಲಿದೆ, ದನಿ ಕಂಪ್ಯೂಟರಿನಲ್ಲಿದೆ. ಪ್ಲೇ ಒತ್ತಿದರೆ ಎರಡೂ ಒಟ್ಟಿಗೇ ಶುರುವಾಗುತ್ತವೆ. ಮೊದಲ ಚರಣದವರೆಗೆ ಏನೂ ತೊಂದರೆಯಿಲ್ಲ. ನಾಲ್ಕನೇ ನಿಮಿಷದ ಹೊತ್ತಿಗೆ ಹಾಡುವವರು ತಾಳಕ್ಕಿಂತ ಒಂದು ಎಳೆಯಷ್ಟು ಹಿಂದೆ ಬಿದ್ದಂತೆ ಕೇಳಿಸುತ್ತದೆ. ಅವರು ಹಾಡಿದ್ದು ಸರಿಯಾಗಿಯೇ ಇರುತ್ತದೆ. ತಪ್ಪಿದ್ದು ಯಂತ್ರಗಳ ಲಯ.

ಇದು ಯಾಕೆ ಆಗುತ್ತದೆ ಅಂತ ತಿಳಿಯಲು ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಹಾಡಿನಲ್ಲಿ ಈಗ ಎಲ್ಲಿದ್ದೇವೆ ಅನ್ನುವುದು ಒಂದು. ಎಷ್ಟು ವೇಗದಲ್ಲಿ ಓಡುತ್ತಿದ್ದೇವೆ ಅನ್ನುವುದು ಇನ್ನೊಂದು. ಒಂದಕ್ಕೆ ಉತ್ತರ ಸಿಕ್ಕಿದರೆ ಇನ್ನೊಂದಕ್ಕೂ ಸಿಕ್ಕಿತು ಅಂದುಕೊಂಡದ್ದರಿಂದಲೇ ಜಾಸ್ತಿ ಜನ ಪೇಚಿಗೆ ಸಿಕ್ಕಿದ್ದು.

ಕಥೆ ಕ್ಯಾಸೆಟ್ಟಿನಿಂದ ಶುರುವಾಗುತ್ತದೆ. 1979ರಲ್ಲಿ ಪೋರ್ಟಾಸ್ಟುಡಿಯೋ ಅನ್ನುವ ಕ್ಯಾಸೆಟ್ ಯಂತ್ರ ಬಂದಮೇಲೆ ನಾಲ್ಕು ಟ್ರ್ಯಾಕಿನ, ಅಂದರೆ ನಾಲ್ಕು ಸದ್ದುಗಳನ್ನು ಬೇರೆ ಬೇರೆ ಪಟ್ಟಿಗಳಲ್ಲಿ ಇಡುವ ರೆಕಾರ್ಡಿಂಗ್ ಮನೆಯ ಮೇಜಿನ ಮೇಲೆ ಬಂತು. 1983ರಲ್ಲಿ ಮಿಡಿ ಬಂತು, ಅಂದರೆ ಯಾವ ಸ್ವರ ಯಾವಾಗ ನುಡಿಸಬೇಕು ಅಂತ ವಾದ್ಯಗಳೂ ಕಂಪ್ಯೂಟರೂ ಒಂದಕ್ಕೊಂದು ಹೇಳಿಕೊಳ್ಳುವ ಭಾಷೆ. ಟೇಪಿನ ಜೊತೆ ಡ್ರಮ್ ಮಷೀನೋ, ಬರೆದಿಟ್ಟ ಸ್ವರಗಳನ್ನು ತಾನೇ ನುಡಿಸುವ ಸೀಕ್ವೆನ್ಸರೋ ಓಡಬೇಕಾದರೆ, ಒಂದು ಟ್ರ್ಯಾಕಿನಲ್ಲಿ ಬರೀ ಸಿಂಕ್ ಸದ್ದನ್ನು, ಅಂದರೆ ಯಂತ್ರಗಳನ್ನು ಜೊತೆಗೂಡಿಸುವ ಗುರುತಿನ ಸದ್ದನ್ನು ತುಂಬುತ್ತಿದ್ದರು. ಎರಡು ಸ್ವರಗಳ ನಡುವೆ ಸರಸರ ಹಾರಾಡುವ ಕರ್ಕಶ ಸದ್ದು ಅದು. ಅದಕ್ಕೆ ಎಫ್‌ಎಸ್‌ಕೆ ಅಂತ ಹೆಸರು. ಹಳೆಯ ಬಗೆಯ ಎಫ್‌ಎಸ್‌ಕೆ ವೇಗವನ್ನು ಮಾತ್ರ ಹೇಳುತ್ತಿತ್ತು, ಜಾಗವನ್ನು ಹೇಳುತ್ತಿರಲಿಲ್ಲ. ಹಾಗಾಗಿ ಕೊನೆಯ ಪಲ್ಲವಿಯ ಒಂದು ಸಾಲು ತಿದ್ದಬೇಕೆಂದರೂ ಟೇಪನ್ನು ಮೊದಲಿಗೆ ಸುತ್ತಿ, ಪೂರ್ತಿ ಹಾಡು ಓಡಿಸಿಕೊಂಡೇ ಬರಬೇಕು.

ಜಾಗ ಹೇಳುವ ವಿದ್ಯೆ ವಿಡಿಯೋದವರ ಹತ್ತಿರ ಆಗಲೇ ಇತ್ತು. 1960ರ ದಶಕದ ಕೊನೆಯಲ್ಲಿ ರೂಪುಗೊಂಡ ಸಿಂಪ್ಟಿ ಟೈಮ್‌ಕೋಡ್ ವಿಡಿಯೋದ ಪ್ರತಿಯೊಂದು ಫ್ರೇಮಿಗೂ, ಅಂದರೆ ಪ್ರತಿಯೊಂದು ಚಿತ್ರಕ್ಕೂ, ಗಂಟೆ, ನಿಮಿಷ, ಸೆಕೆಂಡು, ಫ್ರೇಮ್ ಅಂತ ಒಂದು ವಿಳಾಸ ಕೊಡುತ್ತದೆ. ಒಂದು ಫ್ರೇಮಿಗೆ 80 ಬಿಟ್. ಇದನ್ನೂ ಟೇಪಿನ ಅಂಚಿನ ಟ್ರ್ಯಾಕಿನಲ್ಲೇ ಬರೆಯುತ್ತಿದ್ದರು. ಸದ್ದು ಜಾಸ್ತಿ ಇಟ್ಟರೆ ಪಕ್ಕದ ಟ್ರ್ಯಾಕಿಗೆ ಸೋರುತ್ತದೆ. ಕಡಿಮೆ ಇಟ್ಟರೆ ಓದುವ ಪೆಟ್ಟಿಗೆಗೆ ಅಲ್ಲಲ್ಲಿ ಸಿಗುವುದೇ ಇಲ್ಲ. ನಾಲ್ಕೇ ಟ್ರ್ಯಾಕ್ ಇರುವವರು ಅದರಲ್ಲಿ ಒಂದನ್ನು ಹೀಗೆ ಬಿಟ್ಟುಕೊಡುವುದೆಂದರೆ ಸಣ್ಣ ಮಾತಲ್ಲ, ಅಲ್ವಾ? 1987ರಲ್ಲಿ ಮಿಡಿ ಟೈಮ್‌ಕೋಡ್ ಬಂದಾಗ ಅದೇ ವಿಳಾಸ ಮಿಡಿ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಹೋಗುವಂತಾಯಿತು.

ಆಮೇಲೆ ಬಂತು ಎಡ್ಯಾಟ್ ಅನ್ನುವ ಡಿಜಿಟಲ್ ಟೇಪ್ ಯಂತ್ರ. ಅಲೀಸಿಸ್ ಕಂಪನಿ ಇದನ್ನು 1991ರಲ್ಲಿ ತೋರಿಸಿತು, ಮರುವರ್ಷ ಜನರ ಕೈಗೆ ಸಿಕ್ಕಿತು. ಎಸ್-ವಿಎಚ್‌ಎಸ್ ವಿಡಿಯೋ ಕ್ಯಾಸೆಟ್ಟಿನ ಮೇಲೆ 16 ಬಿಟ್ಟಿನ 8 ಟ್ರ್ಯಾಕ್. 16 ಯಂತ್ರಗಳನ್ನು ಒಂದಕ್ಕೊಂದು ಜೋಡಿಸಿದರೆ 128 ಟ್ರ್ಯಾಕ್. 1993ರಲ್ಲಿ ಇದೇ ಬಗೆಯ ಟ್ಯಾಸ್ಕ್ಯಾಮ್ ಡಿಎ-88 ಬಂತು, ಅದು ಓದುತ್ತಿದ್ದುದು ಹೈ-8 ಕ್ಯಾಸೆಟ್. ಎಡ್ಯಾಟಿನಲ್ಲಿ ನನಗೆ ಈಗಲೂ ಮೆಚ್ಚುಗೆಯಾಗುವುದು ಅದರ ಫಾರ್ಮ್ಯಾಟಿಂಗ್. ಹೊಸ ಕ್ಯಾಸೆಟ್ ಹಾಕಿ ಫಾರ್ಮ್ಯಾಟ್ ಮಾಡುವಾಗ ಯಂತ್ರವೇ ಉದ್ದಕ್ಕೂ ವಿಳಾಸ ಬರೆದುಕೊಂಡು ಹೋಗುತ್ತದೆ. ಅದಕ್ಕಾಗಿ ಒಂದು ಟ್ರ್ಯಾಕನ್ನೂ ಬಿಡಬೇಕಿಲ್ಲ. ಎಡ್ಯಾಟ್‌ಗಳು ತಮ್ಮೊಳಗೆ 9 ಪಿನ್ನಿನ ಸಿಂಕ್ ಕೇಬಲ್ಲಿನ ಮೂಲಕ ಒಂದೇ ಒಂದು ಸ್ಯಾಂಪಲ್ಲೂ (ಡಿಜಿಟಲ್ ಸದ್ದಿನ ಒಂದು ಅಳತೆ) ತಪ್ಪದ ಹಾಗೆ ಮಾತಾಡಿಕೊಳ್ಳುತ್ತಿದ್ದವು.

ಆದರೆ ಕಂಪ್ಯೂಟರಿಗೆ ಆ ಭಾಷೆ ಬರುತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದುದು ಮಿಡಿ ಟೈಮ್‌ಕೋಡ್ ಮಾತ್ರ. ಹಾಗಾಗಿ ನಡುವೆ ಒಂದು ದುಭಾಷಿ ಬೇಕಾಯಿತು. ಅಲೀಸಿಸ್‌ನವರದೇ ಬಿಆರ್‌ಸಿ ರಿಮೋಟ್, ಜೆಎಲ್ ಕೂಪರ್‌ನವರ ಡೇಟಾಸಿಂಕ್ ಪೆಟ್ಟಿಗೆ ಈ ಕೆಲಸಕ್ಕೆ ಬಂದವು. ಕಂಪ್ಯೂಟರ್ ಬರೀ ಮಿಡಿ ನುಡಿಸುತ್ತಿದ್ದಷ್ಟು ದಿನ ಇದು ಸಾಕಾಗಿತ್ತು. ಕೀಬೋರ್ಡಿನ ಒಂದು ಸ್ವರ ಒಂದೆರಡು ಮಿಲಿಸೆಕೆಂಡ್ ಆಚೀಚೆ ಆದರೆ ಯಾರಿಗೂ ಗೊತ್ತಾಗುವುದಿಲ್ಲ.

ಕಂಪ್ಯೂಟರೇ ದನಿಯನ್ನು ರೆಕಾರ್ಡ್ ಮಾಡತೊಡಗಿದ ಮೇಲೆ ಮೊದಲು ಹೇಳಿದ ಆ ತೊಂದರೆ ಶುರುವಾಯಿತು. ಸೌಂಡ್ ಕಾರ್ಡಿನಲ್ಲಿ ವೇಗದ ಮಿಡಿತ ಕೊಡುವ ಅದರದೇ ಒಂದು ಕ್ರಿಸ್ಟಲ್ ಇರುತ್ತದೆ, ಟೇಪ್ ಯಂತ್ರದಲ್ಲಿ ಅದರದೇ ಇನ್ನೊಂದು. ಎರಡೂ ಸೆಕೆಂಡಿಗೆ 48,000 ಸ್ಯಾಂಪಲ್ ಅಂತ ಹೇಳಿಕೊಂಡರೂ ಎರಡು ಕೈಗಡಿಯಾರಗಳ ಹಾಗೆ ಚೂರು ಹೆಚ್ಚುಕಡಿಮೆ ಓಡುತ್ತವೆ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಅಂತಿಟ್ಟುಕೊಳ್ಳಿ. ಐದು ನಿಮಿಷದ ಹಾಡಿಗೆ ಅದು 15 ಮಿಲಿಸೆಕೆಂಡ್, ಅಂದರೆ 720 ಸ್ಯಾಂಪಲ್. ಟೈಮ್‌ಕೋಡ್ ನೋಡಿ ಶುರುವಾಗುವ ಸಾಫ್ಟ್‌ವೇರ್ ಸರಿಯಾದ ಜಾಗದಲ್ಲೇ ಹೊರಡುತ್ತದೆ. ಹೊರಟ ಮೇಲೆ ಅದು ಓಡುವುದು ತನ್ನ ಕಾರ್ಡಿನ ಲಯದಲ್ಲಿ.

ಇದಕ್ಕೆ ಮದ್ದು ವರ್ಡ್ ಕ್ಲಾಕ್. ಒಂದು ಯಂತ್ರ ಯಜಮಾನ, ಉಳಿದವೆಲ್ಲ ಅದರ ಮಿಡಿತವನ್ನೇ ಹಿಡಿದು ನಡೆಯಬೇಕು. ಎಡ್ಯಾಟ್ ಆಪ್ಟಿಕಲ್ ಕೇಬಲ್ಲಿನಲ್ಲಿ 8 ಟ್ರ್ಯಾಕಿನ ಸದ್ದಿನ ಜೊತೆಗೇ ಆ ಮಿಡಿತವೂ ಬರುತ್ತದೆ. ನಾನು ಮೊದಲ ಸಲ ಆ ಕೇಬಲ್ ಹಾಕಿದಾಗ ದನಿಯ ಮೇಲೆ ಸೆಕೆಂಡಿಗೆ ಎರಡು ಮೂರು ಸಲ ಟಿಕ್, ಟಿಕ್ ಅನ್ನುತ್ತಿತ್ತು. ಕೇಬಲ್ ಹಾಳಾಗಿದೆ ಅಂತ ಅದನ್ನೇ ತೆಗೆದು ಹಾಕಿ ಒದ್ದಾಡಿದೆ. ಕೊನೆಗೆ ನೋಡಿದರೆ ಕಾರ್ಡಿನ ಕ್ಲಾಕ್ 'ಇಂಟರ್ನಲ್' ಅಂತಲೇ ಇತ್ತು. ಅದನ್ನು 'ಆಪ್ಟಿಕಲ್'ಗೆ ತಿರುಗಿಸಿದ ಕೂಡಲೇ ಟಿಕ್ ನಿಂತಿತು. ಟೇಪ್ ಕಳಿಸುವ ಸ್ಯಾಂಪಲ್‌ಗಳಿಗೂ ಕಾರ್ಡ್ ಎಣಿಸುವ ಸ್ಯಾಂಪಲ್‌ಗಳಿಗೂ ಲೆಕ್ಕ ತಾಳೆಯಾಗದೆ, ತಪ್ಪಿದಾಗಲೆಲ್ಲ ಆ ಸದ್ದು ಬರುತ್ತಿತ್ತು.

ವೇಗ ಹೀಗೆ ಸರಿಹೋಯಿತು. ಜಾಗದ ಪ್ರಶ್ನೆ ಇನ್ನೂ ಅರ್ಧ ಉಳಿದಿತ್ತು. ಮಿಡಿ ಟೈಮ್‌ಕೋಡ್ ಸಂದೇಶಗಳು ಫ್ರೇಮಿನ ಕಾಲುಭಾಗಕ್ಕೊಂದರಂತೆ ಬರುತ್ತವೆ. ಪೂರ್ತಿ ವಿಳಾಸ ತಿಳಿಯಲು ಅಂಥ 8 ಸಂದೇಶ, ಅಂದರೆ ಎರಡು ಫ್ರೇಮಿನ ಹೊತ್ತು ಬೇಕು. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಎರಡು ಸಂದೇಶಗಳ ನಡುವೆ 10 ಮಿಲಿಸೆಕೆಂಡ್, ಅಂದರೆ 480 ಸ್ಯಾಂಪಲ್ ದಾಟಿರುತ್ತದೆ. ಆದ್ದರಿಂದ ಒಂದೇ ಟೇಪನ್ನು ಎರಡು ಸಲ ಓಡಿಸಿದರೆ ಎರಡು ಸಲವೂ ಕಂಪ್ಯೂಟರ್ ಹೊರಡುವ ಜಾಗ ತುಸು ಬೇರೆ. ಒಂದೇ ಡ್ರಮ್ಮಿನ ಎರಡು ಮೈಕುಗಳನ್ನು ಹೀಗೆ ಬೇರೆ ಬೇರೆ ಸುತ್ತಿನಲ್ಲಿ ತಂದರೆ ಏಟಿನ ಗಟ್ಟಿತನ ಹೋಗಿ, ಪೊಳ್ಳು ಡಬ್ಬಿ ಬಡಿದ ಹಾಗೆ ಕೇಳಿಸುತ್ತದೆ.

ಎಡ್ಯಾಟಿನ 9 ಪಿನ್ನಿನ ಭಾಷೆಯನ್ನು ನೇರವಾಗಿ ಓದುವ ಆಡಿಯೋ ಕಾರ್ಡುಗಳು ಬಂದಮೇಲೆ ಈ ಅರ್ಧವೂ ಬಗೆಹರಿಯಿತು. ದಶಕದ ಕೊನೆಯಲ್ಲಿ ಬಂದ ಮೋಟು 2408 ಅಂಥದ್ದು. ಅಷ್ಟು ಹೊತ್ತಿಗೆ ಹಾರ್ಡ್ ಡಿಸ್ಕ್ ಅಗ್ಗವಾಗಿ, ಟೇಪನ್ನೇ ಬಿಟ್ಟು ಕಂಪ್ಯೂಟರಿನಲ್ಲೇ ಎಲ್ಲ ಮಾಡುವವರು ಹೆಚ್ಚಾದರು. ಆಪ್ಟಿಕಲ್ ಕಿಂಡಿ ಮಾತ್ರ ಇವತ್ತಿನ ಇಂಟರ್‌ಫೇಸುಗಳಲ್ಲೂ ಎಡ್ಯಾಟ್ ಅನ್ನುವ ಹೆಸರಿನಲ್ಲೇ ಉಳಿದಿದೆ.

ಹಳೆಯ ಎಡ್ಯಾಟ್ ಕ್ಯಾಸೆಟ್‌ಗಳನ್ನು ಈಗ ಕಂಪ್ಯೂಟರಿಗೆ ಇಳಿಸುವವರಿಗೆ ಈ ಎರಡು ಪ್ರಶ್ನೆಗಳೇ ಇವತ್ತಿಗೂ ದಾರಿ. ಒಂದೇ ಯಂತ್ರವಿದೆ, ಹಾಡು ಎರಡು ಕ್ಯಾಸೆಟ್ಟಿನಲ್ಲಿದೆ ಅನ್ನಿ. ಕಾರ್ಡಿನ ಕ್ಲಾಕನ್ನು ಆಪ್ಟಿಕಲ್‌ಗೆ ಇಟ್ಟು ಒಂದೊಂದಾಗಿ ಇಳಿಸಿಕೊಳ್ಳಿ. ಅವೆರಡೂ ಮೊದಲು ಜೊತೆಯಾಗಿ ಓಡುತ್ತ ರೆಕಾರ್ಡ್ ಆದವು. ಹಾಗಾಗಿ ಒಂದು ಏಟಿನಿಂದ ಇನ್ನೊಂದಕ್ಕೆ ಇರುವ ಸ್ಯಾಂಪಲ್‌ಗಳ ಎಣಿಕೆ ಎರಡರಲ್ಲೂ ಒಂದೇ. ಎರಡರಲ್ಲೂ ಇರುವ ಒಂದು ಸದ್ದನ್ನು ಹುಡುಕಿ, ಒಂದು ಕ್ಲಿಕ್ಕೋ ಕೋಲಿನ ಏಟೋ ಸಾಕು. ಪರದೆಯ ಮೇಲೆ ಅಲೆಯನ್ನು ದೊಡ್ಡದು ಮಾಡಿಕೊಂಡು ಆ ಏಟುಗಳನ್ನು ಒಂದರ ಕೆಳಗೊಂದು ಕೂಡಿಸಿ. ಆಮೇಲೆ ಹಾಡಿನ ಕೊನೆಯ ಏಟಿಗೆ ಹೋಗಿ ನೋಡಿ. ಅಲ್ಲೂ ಕೂಡಿಯೇ ಇರುತ್ತವೆ.