ಕರೆಂಟ್ ಹೋದ್ರೆ ಸೋಲಾರೂ ಹೋಗುತ್ತೆ ಅಂತ ಮೊದ್ಲೇ ಹೇಳ್ಬಿಡಿ

ಮೈಸೂರಲ್ಲಿ ಮನೆಗಳ ತಾರಸಿ ಮೇಲೆ ಸೋಲಾರ್ ಪ್ಯಾನೆಲ್ ಕೂರ್ಸೋ ಕೆಲಸ ನಂದು. ಈ ಲೈನಿಗೆ ಹೊಸದಾಗಿ ಬಂದಿರೋ ಹುಡುಗ್ರು ನನ್ ಹತ್ರ ಹೇಳ್ಕೊಳೋದು ಒಂದೇ ಗೋಳು, ಎನ್‌ಕ್ವೈರಿ ಬೇಕಾದಷ್ಟು ಬರುತ್ತೆ ಸಾರ್, ಕೊಟೇಶನ್ ಕಳ್ಸಿದ್ಮೇಲೆ ಪಾರ್ಟಿ ಫೋನೇ ಎತ್ತಲ್ಲ ಅಂತ. ಅವ್ರ ಕರೆಂಟ್ ಬಿಲ್ ನೋಡಿದ್ರಾ ಅಂದ್ರೆ ನೋಡಿರಲ್ಲ. ವಾಟ್ಸಾಪಲ್ಲಿ 'ಮೂರು ಕಿಲೋವ್ಯಾಟ್‌ಗೆ ಎಷ್ಟು' ಅಂತ ಬಂದಿರುತ್ತೆ, ಇವ್ರು ರೇಟ್ ಟೈಪ್ ಮಾಡಿ ಬಿಸಾಕಿರ್ತಾರೆ, ಅವ್ರು ಅದನ್ನೇ ಇನ್ನಾಲ್ಕು ಕಡೆ ತೋರ್ಸಿ ಎರಡು ಸಾವಿರ ಕಮ್ಮಿ ಹೇಳ್ದೋರ ಹತ್ರ ಹೋಗಿರ್ತಾರೆ. ತಪ್ಪೇನಿದೆ? ರೇಟ್ ಬಿಟ್ಟು ಬೇರೇನೂ ಕೊಟ್ಟೇ ಇಲ್ವಲ್ಲ ನೀವು.

ನಾನು ಮೊದ್ಲು ಕೇಳೋದು ಒಂದು ವರ್ಷದ ಚೆಸ್ಕಾಂ ಬಿಲ್ಲು. ನಮ್ ಕಡೆ ಒಂದು ಕಿಲೋವ್ಯಾಟ್ ಪ್ಯಾನೆಲ್‌ಗೆ ದಿನಕ್ಕೆ ಸುಮಾರು 4 ಯೂನಿಟ್ ಸಿಗುತ್ತೆ, ಮೂರು ಕಿಲೋವ್ಯಾಟ್ ಹಾಕಿದ್ರೆ ತಿಂಗಳಿಗೆ 350ರ ಆಸುಪಾಸು. ಸರಸ್ವತಿಪುರಂನ ರಿಟೈರ್ಡ್ ಮೇಷ್ಟ್ರೊಬ್ರ ಮನೇಲಿ ಗಂಡ ಹೆಂಡ್ತಿ ಇಬ್ರೇ, ತಿಂಗಳಿಗೆ ನೂರು ಯೂನಿಟ್ ಕೂಡ ದಾಟಲ್ಲ, 2023ರಲ್ಲಿ ಗೃಹಜ್ಯೋತಿ ಬಂದಾಗ್ಲಿಂದ ಬಿಲ್ಲು ಸೊನ್ನೆ. ಅವ್ರಿಗೆ ನಾನೇನ್ ಮಾರ್ಲಿ? ಸದ್ಯಕ್ಕೆ ಬೇಡ ಸಾರ್ ಅಂದೆ, ಕಾಫಿ ಕೊಟ್ರು, ಕುಡಿದು ಬಂದೆ. ಆಮೇಲೆ ಗೀಸರ್ ಯಾವ್ದು ತಗೊಳ್ಳೋದು, ಯುಪಿಎಸ್‌ಗೆ ಯಾವಾಗ ನೀರು ಹಾಕ್ಬೇಕು ಅಂತೆಲ್ಲ ಫೋನ್ ಮಾಡ್ತಿದ್ರು, ನಿಜ ಹೇಳ್ಬೇಕು ಅಂದ್ರೆ ಕೆಲವು ಸಲ ತಲೆ ಕೆಡ್ತಿತ್ತು. ಅವ್ರಿಂದ ನಂಗೆ ಒಂದ್ ಪೈಸೆ ಬಿಸಿನೆಸ್ ಬಂದಿಲ್ಲ, ತಮ್ಮ ಷಡ್ಡಕರನ್ನ ಮಾತ್ರ ನನ್ ಹತ್ರ ಕಳ್ಸಿದ್ರು.

ಆ ಷಡ್ಡಕರ ಮನೆ ರಾಮಕೃಷ್ಣನಗರದಲ್ಲಿ. ದಕ್ಷಿಣಕ್ಕೆ ಪಕ್ಕದ್ಮನೆಯವ್ರ ಎರಡು ತೆಂಗಿನಮರ. ನಾನ್ ಹೋಗಿದ್ದು ಮೇ ತಿಂಗಳಲ್ಲಿ, ನೆತ್ತಿ ಸುಡೋ ಬಿಸಿಲು, ತಾರಸಿ ಮೇಲೆ ನೆರಳಿನ ಸುಳಿವೇ ಇಲ್ಲ, ಅವತ್ತೇ ಅಡ್ವಾನ್ಸ್ ಕೊಡೋಕೆ ಅವ್ರು ರೆಡಿ ಇದ್ರು. ಆದ್ರೆ ಡಿಸೆಂಬರಲ್ಲಿ ಸೂರ್ಯ ದಕ್ಷಿಣಕ್ಕೆ ವಾಲ್ತಾನಲ್ಲ, ಆವಾಗ ಮರದ ನೆರಳು ಉದ್ದಕ್ಕೆ ಬಂದು ಮಲಗುತ್ತೆ. ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ರೂ ಜೊತೆಗೆ ಸಾಲಾಗಿ ಕನೆಕ್ಟ್ ಆಗಿರೋವಕ್ಕೂ ಪೆಟ್ಟು. ಸೂರ್ಯನ ದಾರಿ ತೋರ್ಸೋ ಆಪ್ ಫೋನಲ್ಲಿದೆ, ಅದನ್ನ ಹಿಡ್ಕೊಂಡು ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದೆ, ಧನುರ್ಮಾಸದಲ್ಲಿ ನೆರಳು ಇಲ್ಲಿಗಂಟ ಬರುತ್ತೆ ನೋಡಿ ಅಂದೆ. ಅಮ್ಮಾವ್ರು ಆ ಗೆರೆ ಮೇಲೆ ನಿಂತ್ಕೊಂಡು ಮರ ನೋಡಿ, ಮತ್ತೆ ಗೆರೆ ನೋಡಿ, 'ಅಲ್ರೀ, ಇದಕ್ ಮುಂಚೆ ಬಂದ ಇಬ್ರೂ ಹೇಳ್ಲೇ ಇಲ್ವಲ್ಲ' ಅಂದ್ರು. ಪ್ಯಾನೆಲ್ ಎಲ್ಲಾ ಗೆರೆಯಿಂದಾಚೆ ಸರಿಸಿದ್ವಿ, ಎರಡು ಕಮ್ಮಿ ಆಯ್ತು, ನನ್ ಬಿಲ್ಲೂ ಅಷ್ಟು ಕಮ್ಮಿ ಆಯ್ತು. ರೇಟ್ ಬಗ್ಗೆ ಅವತ್ತು ಯಾರೂ ಚೌಕಾಸಿ ಮಾಡ್ಲಿಲ್ಲ.

ಸಬ್ಸಿಡಿ ವಿಷ್ಯದಲ್ಲೂ ಬಾಯಿ ಬಿಗಿ ಇರ್ಲಿ. 2024ರ ಪಿಎಂ ಸೂರ್ಯಘರ್ ಯೋಜನೇಲಿ 3 ಕಿಲೋವ್ಯಾಟ್‌ಗೆ 78,000 ಇದೆ, ಸರಿ, ಆದ್ರೆ ಅದು ಕೆಲಸ ಮುಗಿದ್ಮೇಲೆ ಗ್ರಾಹಕರ ಅಕೌಂಟಿಗೇ ಬರೋದು. ಕೊಟೇಶನಲ್ಲಿ ಕಳೆದು ತೋರ್ಸಿ ಆಮೇಲೆ ಪೂರ್ತಿ ದುಡ್ಡು ಕೇಳಿದ್ರೆ ಉಗೀತಾರೆ. ಮೀಟರ್ ತೀರ್ಕೊಂಡಿರೋ ಅಪ್ಪನ ಹೆಸರಲ್ಲೇ ಇದ್ರೆ ಅದನ್ನೂ ಮೊದ್ಲೇ ಸರಿ ಮಾಡ್ಸಿ.

ಇದೆಲ್ಲ ಬುದ್ಧಿ ಬಂದಿದ್ದು ಮದ್ದೂರಲ್ಲಿ ಒದೆ ತಿಂದ್ಮೇಲೆ. ಅಲ್ಲಿ ಒಂದು ಮನೆಗೆ ಹಾಕಿದ್ದು ಬ್ಯಾಟರಿ ಇಲ್ದಿರೋ ಆನ್‌ಗ್ರಿಡ್ ಸಿಸ್ಟಮ್ಮು, ಅಂದ್ರೆ ಬೀದಿ ಲೈನಿಗೇ ಸೇರಿರೋದು. ಲೈನಲ್ಲಿ ಕರೆಂಟ್ ಹೋದ ತಕ್ಷಣ, ಪ್ಯಾನೆಲ್ ಕರೆಂಟನ್ನ ಮನೆ ಕರೆಂಟಾಗಿ ಬದಲಾಯಿಸೋ ಇನ್ವರ್ಟರ್ ತಾನೇ ಆಫ್ ಆಗುತ್ತೆ, ಇಲ್ಲಾಂದ್ರೆ ನಮ್ ಪ್ಯಾನೆಲ್ ಕರೆಂಟ್ ವಾಪಸ್ ಲೈನಿಗೆ ಹೋಗಿ ಕಂಬದ ಮೇಲಿರೋ ಲೈನ್‌ಮನ್ ಜೀವಕ್ಕೇ ಕುತ್ತು. ನಮಗೆ ಇದು ಅಆಇಈ, ಅದಕ್ಕೇ ಅವ್ರಿಗೆ ಹೇಳೋದೇ ಮರ್ತಿದ್ದೆ. ಹಾಕಿದ ವಾರಕ್ಕೇ ಮಟಮಟ ಮಧ್ಯಾಹ್ನ ಫೋನು, 'ಏನ್ ಸೋಮಿ, ಸೂರ್ಯ ನೆತ್ತಿ ಮೇಲೆ ನಿಗಿನಿಗಿ ಅಂತಾವ್ನೆ, ನಾವ್ ಇಷ್ಟ್ ದುಡ್ ಸುರ್ದು ಫ್ಯಾನಿಲ್ದೆ ಕುಂತಿವಿ.' ಏನ್ ವಿವರಿಸಿದ್ರೂ ನೆಪ ಹೇಳ್ದಂಗೇ ಕೇಳ್ಸುತ್ತೆ ಆವಾಗ. ಆ ಊರಲ್ಲಿ ನಂಗೆ ಇನ್ನೊಂದು ಕೆಲಸ ಸಿಕ್ಕಿಲ್ಲ ಇವತ್ತಿಗೂ.

ಈಗ ಅಳತೆಗೆ ಹೋದ್ ಕಡೆ ಮೊದ್ಲು ಮೇನ್ ಸ್ವಿಚ್ ತೋರ್ಸಿ ಹೇಳ್ತೀನಿ, ಇಲ್ಲಿ ಕರೆಂಟ್ ಹೋದ್ರೆ ಮೇಲೂ ಹೋಗುತ್ತೆ, ಬ್ಯಾಟರಿ ಬೇಕಾದ್ರೆ ಇಷ್ಟು ಜಾಸ್ತಿ ಅಂತ. ಹಂಗಾದ್ರೆ ಬೇಡ ಬಿಡಿ ಅಂತಾರೆ ಕೆಲವ್ರು. ಆಯ್ತು ಅಂತ ಟೇಪ್ ಸುತ್ಕೊಂಡು ಬರ್ತೀನಿ.